ಅಂಗಳಕ್ಕೆ ಮರಳದ ಅಕ್ಕಿ



12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದನ್ನೇ ಕಾಯಕವಾಗಿ ಮಾಡಿಕೊಂಡಿದ್ದರೆಂಬುದು ಶರಣ ಬಂಧುಗಳೆಲ್ಲರಿಗೂ ತಿಳಿದ ಸಂಗತಿ. ಒಂದು ದಿನ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಧರ್ಮಪತ್ನಿಯಾದ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಅಂದಿನ ದಾಸೋಹಕ್ಕೆ ಸಾಕಾಗುವಷ್ಟನ್ನು ಮಾತ್ರ ಉಳಿಸಿಕೊಂಡು, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಬಂದ ಈ ದಂಪತಿಗಳ ಅಂಕಿತಗಳಲ್ಲಿ ಊರಿನ ದೈವದ ಹೆಸರು ಇಂದಿಗೂ ಉಳಿದಿದೆ. ಲಕ್ಕಮ್ಮನವರ ಅಂಕಿತದಲ್ಲಿ ಪತಿಯ ಹೆಸರೂ ಸೇರಿಕೊಂಡಿದೆ. ಆದರೆ ಹೆಚ್ಚಿನ ಅಕ್ಕಿಯ ಪ್ರಸಂಗದಲ್ಲಿ ಪತಿಯನ್ನು ತಿದ್ದಿದವರು ಅವರೇ ಎಂಬುದು ಗಮನಾರ್ಹ.

ಈ ಪ್ರಸಂಗವನ್ನು ಪ್ರವಚನಗಳಲ್ಲಿ ಕೇಳುವಾಗ ಅದು ಅಂದಿನ ಕಾಲದ ಮಾತೆನಿಸುತ್ತದೆ. ಇಂದು ಅಂಗಳದಲ್ಲಿ ಅಕ್ಕಿ ಆಯುವವರು ಯಾರೂ ಇಲ್ಲ. ಆದರೆ ಆಯುವ ಕೈ ಮತ್ತು ಹೆಚ್ಚು ಬೇಡುವ ಮನಸ್ಸು ಇಂದಿಗೂ ಇವೆ. ಧಾರವಾಡದ ಶರಣ ದಂಪತಿಗಳೊಬ್ಬರ ಮನೆಯಲ್ಲಿ ನಡೆದ ಸಂಗತಿಯೊಂದು ಇದಕ್ಕೆ ನಿದರ್ಶನವಾಗಿದೆ. ಅವರು ತಮ್ಮ ಹೆಸರು ಬೇಡವೆಂದೂ, ನಡೆದುದನ್ನು ಮಾತ್ರ ನಾಲ್ಕು ಜನಕ್ಕೆ ತಿಳಿಸಬಹುದೆಂದೂ ಅಪ್ಪಣೆ ಕೊಟ್ಟಿರುವುದರಿಂದ ಅದನ್ನು ಇಲ್ಲಿ ನಿರೂಪಿಸಲಾಗಿದೆ.

ಆ ಶರಣರು 2009ರಲ್ಲಿ ನಿವೃತ್ತರಾದ ಗಣಿತ ಶಿಕ್ಷಕರು. ನಿವೃತ್ತಿಯ ಮರುವರ್ಷ ಹಳೆಯ ಸಹೋದ್ಯೋಗಿಯೊಬ್ಬರು ಗೇಣುದ್ದದ ಬಳ್ಳಿಯ ತುಂಡೊಂದನ್ನು ಅವರಿಗೆ ತಂದುಕೊಟ್ಟರು. ಅದು ಹೋಯಾ ಎಂಬ ಬಳ್ಳಿ. ಎಲೆಗಳು ದಪ್ಪ, ರಸಭರಿತ. ಹೂಗಳು ಮೇಣದಲ್ಲಿ ಕಡೆದಂತೆ ಕಾಣುವ ಐದು ಮೂಲೆಯ ನಕ್ಷತ್ರಗಳು. ನಕ್ಷತ್ರದ ನಡುವೆ ಮತ್ತೊಂದು ಪುಟ್ಟ ನಕ್ಷತ್ರ. ಇಂತಹ ಹತ್ತಾರು ಹೂಗಳು ಒಂದೇ ತೊಟ್ಟಿನ ತುದಿಯಲ್ಲಿ ಚೆಂಡಿನಂತೆ ಗೊಂಚಲಾಗಿ ತೂಗುತ್ತವೆ. ಇಂಗ್ಲೆಂಡಿನ ಸಯಾನ್ ಹೌಸ್ ಎಂಬ ಅರಮನೆಯ ತೋಟಗಾರ ಥಾಮಸ್ ಹಾಯ್ ಎಂಬಾತನ ಗೌರವಾರ್ಥವಾಗಿ ರಾಬರ್ಟ್ ಬ್ರೌನ್ ಎಂಬ ಸಸ್ಯವಿಜ್ಞಾನಿ 1810ರಲ್ಲಿ ಈ ಕುಲಕ್ಕೆ ಆ ಹೆಸರನ್ನಿಟ್ಟನು. ತೋಟದ ಒಡೆಯನಾದ ಡ್ಯೂಕನ ಹೆಸರನ್ನು ಬಿಟ್ಟು, ಮಣ್ಣಿನಲ್ಲಿ ಕೈಯಿಟ್ಟ ಕಾಯಕಜೀವಿಯ ಹೆಸರನ್ನು ಬಳ್ಳಿಗೆ ಇಟ್ಟದ್ದು ಶರಣರಿಗೆ ಬಹಳ ಹಿಡಿಸಿತು. ಮನೆಗೆ ಬಂದವರಿಗೆಲ್ಲ ಅವರು ಮೊದಲು ಹೇಳುತ್ತಿದ್ದುದು ಈ ಮಾತನ್ನೇ.

ಮೂರನೆಯ ವರ್ಷ ಬಳ್ಳಿ ಹೂಬಿಟ್ಟಿತು. ಸಂಜೆಯಾದೊಡನೆ ಕಂಪು ಮನೆಯೆಲ್ಲ ಹರಡುತ್ತಿತ್ತು. ಹೂ ಉದುರಿದ ಮೇಲೆ ಅವರು ಗುಲಾಬಿಗೆ ಮಾಡುವಂತೆ ಒಣಗಿದ ತೊಟ್ಟನ್ನು ಕತ್ತರಿಸಿ ಎಸೆದರು. ಮುಂದಿನ ವರ್ಷ ಹೂ ಬರಲಿಲ್ಲ. ಆಮೇಲೆ ತಿಳಿದು ಬಂದುದೇನೆಂದರೆ, ಹೋಯಾ ಬಳ್ಳಿಯು ಒಮ್ಮೆ ಹೂಬಿಟ್ಟ ತೊಟ್ಟಿನಲ್ಲಿಯೇ ಮತ್ತೆ ಮತ್ತೆ ಹೂಬಿಡುತ್ತದೆ. ಬರಡಾಗಿ ಕಾಣುವ ಆ ಮೋಟು ತೊಟ್ಟೇ ಮುಂದಿನ ಗೊಂಚಲಿನ ತಾಯಿ. ಎಲೆಯಿಲ್ಲದೆ ಉದ್ದಕ್ಕೆ ಬೆಳೆಯುವ ಕುಡಿಗಳನ್ನೂ ಒಣಗಿದವೆಂದು ತಿಳಿದು ಕತ್ತರಿಸಬಾರದು. ಆಸರೆ ಸಿಕ್ಕ ಬಳಿಕ ಅವೇ ಎಲೆ ಹೊರುತ್ತವೆ. ಕುಂಡ ದೊಡ್ಡದಿರಬಾರದು, ಬೇರು ಬಿಗಿಯಾಗಿರಬೇಕು. ಬರಿಯ ಮಣ್ಣಿನಲ್ಲಿ ನೆಟ್ಟರೆ ನೀರು ನಿಂತು ಬೇರು ಕೊಳೆಯುತ್ತದೆ. ತೆಂಗಿನ ಸಿಪ್ಪೆಯ ಚೂರು, ಇದ್ದಿಲು, ಇಟ್ಟಿಗೆಯ ಹರಳು, ಸ್ವಲ್ಪ ಎಲೆಗೊಬ್ಬರ ಬೆರೆಸಿದ ಸಡಿಲ ಹದ ಅದಕ್ಕೆ ಬೇಕು. ಪೂರ್ವದ ಎಳೆಬಿಸಿಲು ಸಾಕು. ಈ ಬಳ್ಳಿಗೆ ಆರೈಕೆ ಹೆಚ್ಚಾದರೇ ಅಪಾಯವೆಂಬುದನ್ನು ಅವರು ಸತ್ತ ಬಳ್ಳಿಗಳಿಂದ ಕಲಿತರು.

ಅಂದಿನಿಂದ ಹೂತೊಟ್ಟಿನ ಬಗೆಗೆ ಅವರಿಗೆ ಒಂದು ಬಗೆಯ ಕಟ್ಟುನಿಟ್ಟು ಬಂದಿತು. ಅವರ ಧರ್ಮಪತ್ನಿ ಒಂದು ಬೆಳಿಗ್ಗೆ ಇಷ್ಟಲಿಂಗ ಪೂಜೆಗೆಂದು ಗೊಂಚಲನ್ನು ಕೊಯ್ಯಲು ಹೋದಾಗ, "ತೊಟ್ಟು ಮುರಿದರ ಬಳ್ಳಿಗೆ ನೋವಾಗತೈತಿ, ಬ್ಯಾಡ" ಎಂದು ತಡೆದರು. ಆ ತಾಯಿ ಮಾತನಾಡದೆ ಕೆಳಗೆ ಉದುರಿದ್ದ ನಾಲ್ಕು ಬಿಡಿ ನಕ್ಷತ್ರಗಳನ್ನು ಆಯ್ದುಕೊಂಡು ಪೂಜೆಗೆ ಕುಳಿತರು. ಮುಂದೆ ಅದೇ ರೂಢಿಯಾಯಿತು.

ಹತ್ತು ವರ್ಷಗಳಲ್ಲಿ ಮಾಳಿಗೆಯ ಮೇಲೆ ಕುಂಡಗಳ ಸಂಖ್ಯೆ ನೂರನ್ನು ದಾಟಿತು. ಎಲೆಯೇ ಹೃದಯದಾಕಾರವಿರುವ ಹೋಯಾ, ಎಲೆಯ ಮೇಲೆ ಬೆಳ್ಳಿ ಚುಕ್ಕೆಯುಳ್ಳ ಹೋಯಾ, ನಮ್ಮ ಪಶ್ಚಿಮಘಟ್ಟದ ಕಾಡುಗಳಲ್ಲಿ ಮರಕ್ಕೆ ಹಬ್ಬುವ ಹೋಯಾ, ಹೀಗೆ. ಪ್ರತಿ ಕುಂಡಕ್ಕೂ ಒಂದು ಸಂಖ್ಯೆ, ಪ್ರತಿ ಸಂಖ್ಯೆಗೂ ವಹಿಯಲ್ಲಿ ಒಂದು ಪುಟ. 2020ರಲ್ಲಿ ಕೊರೋನಾ ಪಿಡುಗಿನ ದೆಸೆಯಿಂದ ಜನ ಮನೆಯೊಳಗೆ ಉಳಿದಾಗ ಇಂತಹ ಗಿಡಗಳ ಹುಚ್ಚು ಎಲ್ಲೆಡೆ ಹಬ್ಬಿತು; ಒಂದೆರಡು ಎಲೆಯ ತುಂಡಿಗೆ ಸಾವಿರಾರು ರೂಪಾಯಿ ಬೆಲೆ ಬಂದಿತು. ಶರಣರು ಬಳ್ಳಿಪ್ರಿಯರ ವಾಟ್ಸಾಪ್ ಬಳಗವೊಂದನ್ನು ಸೇರಿದರು. ಅಲ್ಲಿ ತಮ್ಮಲ್ಲಿಲ್ಲದ ಬಳ್ಳಿಯ ಚಿತ್ರ ಕಂಡ ರಾತ್ರಿ ಅವರಿಗೆ ನಿದ್ರೆ ಬರುತ್ತಿರಲಿಲ್ಲವೆಂದು ಅವರೇ ಹೇಳುತ್ತಾರೆ. ಹಿತ್ತಲ ಗೋಡೆಯ ಮೇಲೆ ಅವರ ತಾಯಿಯ ಕಾಲದ ಮಂಗರಬಳ್ಳಿಯೊಂದು ಹಬ್ಬಿತ್ತು. ಅದೂ ರಸಭರಿತವಾದ ಬಳ್ಳಿಯೇ. ನಾಲ್ಕು ಅಂಚಿನ ಗೆಣ್ಣುಗೆಣ್ಣಾದ ಕಾಂಡ, ಮೂಳೆ ಮುರಿದವರಿಗೆ ಔಷಧಿ, ಹುಣಸೆಹಣ್ಣು ಹಾಕಿ ತುರಿಕೆ ಕಳೆದರೆ ಚಟ್ನಿ. ಆದರೆ ಅದು ಎಲ್ಲರ ಬೇಲಿಯಲ್ಲಿಯೂ ಇರುವ ಬಳ್ಳಿ, ಹೂವೂ ಕಣ್ಣಿಗೆ ಕಾಣದಷ್ಟು ಸಣ್ಣದು. ವಹಿಯಲ್ಲಿ ಅದಕ್ಕೆ ಪುಟವಿರಲಿಲ್ಲ.

ಅಲ್ಲಮಪ್ರಭುದೇವರು ಮಾಯೆಯನ್ನು ಹೊರಗಿನ ವಸ್ತುಗಳಲ್ಲಿ ಗುರುತಿಸದೆ ಮನಸ್ಸಿನ ಆಸೆಯಲ್ಲಿ ಗುರುತಿಸಿದರೆಂಬುದನ್ನು ಇಲ್ಲಿ ನೆನೆಯಬೇಕು. ಹೂವಿನಲ್ಲಿ ದೋಷವಿಲ್ಲ, ಬಳ್ಳಿ ಬೆಳೆಸುವುದರಲ್ಲಿಯೂ ದೋಷವಿಲ್ಲ. ಶೂನ್ಯಸಂಪಾದನೆಯಲ್ಲಿ ಪ್ರಭುದೇವರು ತೋಟಗಾರನಾದ ಗೊಗ್ಗಯ್ಯನನ್ನು ಕಂಡಾಗ ಅವನ ಕಾಯಕವನ್ನು ಹಳಿಯುವುದಿಲ್ಲ. ಹೊರಗಿನ ತೋಟದಿಂದ ಒಳಗಿನ ತೋಟದ ಕಡೆಗೆ ಅವನ ದೃಷ್ಟಿಯನ್ನು ಹೊರಳಿಸುತ್ತಾರೆ. ಹೊರಗಿನ ತೋಟ ಬೆಳೆದಂತೆಲ್ಲ ಒಳಗಿನದರಲ್ಲಿ ಕಳೆ ಬೆಳೆಯುತ್ತಿದ್ದರೆ ತೋಟಿಗನಿಗೆ ಅದು ತಿಳಿಯುವುದು ಹೇಗೆ ಎಂಬುದೇ ಪ್ರಶ್ನೆ.

2021ರ ಆಗಸ್ಟ್ ತಿಂಗಳಿನಲ್ಲಿ, ಮಳೆ ಬಿಡುವು ಕೊಟ್ಟ ಒಂದು ದಿನ, ಶರಣರು ಬೆಳಗಾವಿ ಜಿಲ್ಲೆಯ ಒಂದು ಗುಡ್ಡಕ್ಕೆ ಹೋಗಿದ್ದರು. ಗುಡ್ಡದ ಹೆಸರನ್ನು ಇಲ್ಲಿ ಬರೆಯುವುದು ಸಲ್ಲದು. ಕಾರಣ ಮುಂದೆ ತಿಳಿಯುತ್ತದೆ. ಕಲ್ಲುಹಾಸಿನ ಇಳಿಜಾರಿನಲ್ಲಿ, ಹುಲ್ಲಿನ ನಡುವೆ ಅವರಿಗೆ ಸಿರೋಪೀಜಿಯಾ ಕುಲದ ಬಳ್ಳಿಗಳು ಹೂಬಿಟ್ಟು ನಿಂತದ್ದು ಕಂಡಿತು. ಎಣಿಸಿದರು, ಏಳು ಇದ್ದವು.

ಈ ಕುಲದ ವಿಷಯವನ್ನು ಸ್ವಲ್ಪ ಹೇಳಬೇಕು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾದ 'ಹೋರ್ಟಸ್ ಮಲಬಾರಿಕಸ್' ಗ್ರಂಥದಲ್ಲಿ ಮಲಬಾರಿನ ಒಂದು ಬಳ್ಳಿಯ ಚಿತ್ರವಿತ್ತು. ಅದನ್ನು ಆಧರಿಸಿ ಲಿನೇಯಸ್ 1753ರಲ್ಲಿ ಈ ಕುಲಕ್ಕೆ ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ ಮೇಣದ ಚಿಲುಮೆ ಎಂದು. ಭಾರತದಲ್ಲಿ ಈ ಕುಲದ 50ಕ್ಕೂ ಹೆಚ್ಚು ಜಾತಿಗಳಿವೆ. ಅವುಗಳಲ್ಲಿ ಹೆಚ್ಚಿನವು ಬೇರೆಲ್ಲಿಯೂ ಸಿಗುವುದಿಲ್ಲ, ಕೆಲವಂತೂ ಒಂದೆರಡು ಗುಡ್ಡಗಳಿಗೆ ಮಾತ್ರ ಸೀಮಿತವಾಗಿವೆ. ಸಸ್ಯಶಾಸ್ತ್ರದ ಪ್ರಕಾರ ಇವು ಶಿವಪೂಜೆಗೆ ಸಲ್ಲುವ ಎಕ್ಕದ ದಾಯಾದಿಗಳು. ಎಕ್ಕದಂತೆಯೇ ಜೋಡಿ ಕಾಯಿ, ರೇಷ್ಮೆಯ ಕುಚ್ಚುಳ್ಳ ಬೀಜ. ಮಳೆಗಾಲದಲ್ಲಿ ಚಿಗುರಿ, ಹೂಬಿಟ್ಟು, ಚಳಿಗಾಲ ಬರುತ್ತಿದ್ದಂತೆ ಬಳ್ಳಿ ಒಣಗಿಹೋಗುತ್ತದೆ. ನೆಲದೊಳಗಿನ ಗಡ್ಡೆ ಮುಂದಿನ ಮಳೆಯವರೆಗೆ ಮಲಗಿರುತ್ತದೆ. ಕೆಲವು ಜಾತಿಗಳ ಗಡ್ಡೆಯನ್ನು ದನಗಾಹಿ ಹುಡುಗರು ಅಗೆದು ತಿನ್ನುವುದುಂಟು.

ಹೂವಿನ ರಚನೆಯಂತೂ ಬೆರಗು ಹುಟ್ಟಿಸುವಂಥದು. ಬುಡದಲ್ಲಿ ಉಬ್ಬು, ಮೇಲೆ ಸಣ್ಣ ಕೊಳವೆ, ತುದಿಯಲ್ಲಿ ಐದು ಎಸಳುಗಳು ಕೂಡಿದ ಪಂಜರ. ವಾಸನೆಗೆ ಮರುಳಾದ ಪುಟ್ಟ ನೊಣ ಕೊಳವೆಯೊಳಗೆ ಜಾರುತ್ತದೆ. ಒಳಗಿನ ರೋಮಗಳು ಕೆಳಮುಖವಾಗಿರುವುದರಿಂದ ಇಳಿಯುವುದು ಸುಲಭ, ಹತ್ತಿ ಬರುವುದು ಅಸಾಧ್ಯ. ದಕ್ಷಿಣ ಆಫ್ರಿಕಾದ ಒಂದು ಜಾತಿಯ ಹೂವು ಗಾಯಗೊಂಡ ಜೇನುಹುಳುವಿನ ವಾಸನೆಯನ್ನೇ ಸೂಸಿ, ಅಂತಹ ಜೇನಿನ ರಸ ಹೀರಲು ಬರುವ ನೊಣಗಳನ್ನು ಮೋಸಗೊಳಿಸುತ್ತದೆಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಆದರೆ ಹೂವು ನೊಣವನ್ನು ಕೊಲ್ಲುವುದಿಲ್ಲ. ಒಂದು ದಿನವೋ ಹೆಚ್ಚೋ ಕಳೆದ ಮೇಲೆ ರೋಮಗಳು ಬಾಡುತ್ತವೆ, ಹೂವು ಬಾಗುತ್ತದೆ, ನೊಣ ಪರಾಗದ ಗಂಟನ್ನು ಹೊತ್ತು ಹೊರಬರುತ್ತದೆ. ಮತ್ತೊಂದು ಹೂವಿನಲ್ಲಿ ಮತ್ತೆ ಮೋಸಹೋಗುತ್ತದೆ. ಅಕ್ಕಮಹಾದೇವಿಯವರು ತನ್ನ ನೂಲಿನಿಂದ ತನ್ನನ್ನೇ ಸುತ್ತಿಕೊಂಡು ಸಾಯುವ ರೇಷ್ಮೆಹುಳುವಿನ ದೃಷ್ಟಾಂತವನ್ನು ಬಳಸಿದ್ದಾರೆ. ಹುಳುವಿಗೆ ಬಿಡುಗಡೆಯಿಲ್ಲ, ನೊಣಕ್ಕೆ ಬಿಡುಗಡೆಯಿದ್ದರೂ ಬುದ್ಧಿ ಬರುವುದಿಲ್ಲ. ಸಂಗ್ರಹದ ಆಸೆಗೆ ಬಿದ್ದ ಮನಸ್ಸಿಗೆ ಈ ಎರಡೂ ಹೋಲಿಕೆಗಳು ಒಪ್ಪುತ್ತವೆ.

ಶರಣರು ಏಳರಲ್ಲಿ ಮೂರು ಬಳ್ಳಿಗಳನ್ನು ಗಡ್ಡೆ ಸಹಿತ ಅಗೆದು ತಂದರು. ಮನೆಯಲ್ಲಿ ಧರ್ಮಪತ್ನಿ ಕೇಳಿದರು: "ನೋಡಾಕ ಒಂದ ಸಾಕಾಗಿತ್ತಲ್ಲರೀ, ಮೂರು ಯಾಕ ತಂದ್ರಿ?"

"ಒಂದು ಸತ್ತರ ಇನ್ನೊಂದು ಇರಲಿ ಅಂತ. ಮತ್ತೊಂದು ಯಾರಿಗರೆ ಬದಲಿ ಕೊಡಾಕ" ಎಂದರು ಶರಣರು. ಅದು ಅವರಿಗೆ ಲೆಕ್ಕಶುದ್ಧವಾದ ಉತ್ತರವಾಗಿಯೇ ತೋರಿತು. ಅಂದು ರಾತ್ರಿ ಬಳಗದಲ್ಲಿ ಹೂವಿನ ಚಿತ್ರವನ್ನು ಹಾಕಿದರು. ಎಲ್ಲಿ ಸಿಕ್ಕಿತೆಂದು ಹಲವರು ಕೇಳಿದರು. ಊರು, ಗುಡ್ಡ, ಇಳಿಜಾರು ಎಲ್ಲವನ್ನೂ ಸಂತೋಷದಿಂದ ತಿಳಿಸಿದರು.

ಚಳಿಗಾಲದಲ್ಲಿ ಬಳ್ಳಿಗಳು ಒಣಗಿದವು. ಮಲಗಿದ ಗಡ್ಡೆಗೆ ನೀರು ಬೇಡವೆಂದು ಓದಿದ್ದರೂ ಮನಸ್ಸು ತಡೆಯದೆ ಆಗಾಗ ನೀರು ಹನಿಸಿದರು. ಜನವರಿಯಲ್ಲಿ ಕೆದಕಿ ನೋಡಿದಾಗ ಎರಡು ಗಡ್ಡೆಗಳು ಕೊಳೆತು ನೀರಾಗಿದ್ದವು. ಮೂರನೆಯದು 2022ರ ಜೂನ್‌ನಲ್ಲಿ ಚಿಗುರಿತು, ಆಗಸ್ಟ್‌ನಲ್ಲಿ ಹೂಬಿಟ್ಟಿತು. ಶರಣರ ಆನಂದಕ್ಕೆ ಪಾರವಿರಲಿಲ್ಲ. ಆದರೆ ಕಾಯಿ ಕಟ್ಟಲಿಲ್ಲ. ಒಂದೇ ಗಿಡದ ಪರಾಗದಿಂದ ಈ ಬಳ್ಳಿಗಳಲ್ಲಿ ಕಾಯಿ ಕಟ್ಟುವುದು ಕಷ್ಟ. ಜೊತೆಗೆ ಬೇರೊಂದು ಗಿಡ ಹೂಬಿಟ್ಟಿರಬೇಕು.

ಶ್ರಾವಣ ಮಾಸದಲ್ಲಿ ಆ ಮನೆಯಲ್ಲಿ ಸಂಜೆ ವಚನ ಪಾರಾಯಣ ನಡೆಯುವ ಸಂಪ್ರದಾಯವಿದೆ. ಆ ವರ್ಷ ಒಂದು ಸಂಜೆ ಲಕ್ಕಮ್ಮನವರ ವಚನಗಳ ಸರದಿ ಬಂದಿತು. ಓದುತ್ತಿದ್ದ ಆ ತಾಯಿ ಹೆಚ್ಚಿನ ಅಕ್ಕಿಯ ವಚನದ ಬಳಿ ನಿಂತರು. ಪುಸ್ತಕವನ್ನು ಮಡಿಸಿಟ್ಟು ಹೇಳಿದರು: "ಲಿಂಗಕ್ಕ ಒಂದು ಹೂ ಕೊಯ್ತೀನಿ ಅಂದರ ಬಳ್ಳಿಗೆ ನೋವಾಗತೈತಿ ಅಂದ್ರಿ. ಗಡ್ಡಿ ಕೀಳುವಾಗ ನೋವಾಗಲಿಲ್ಲೇನ್ರೀ?"

ಶರಣರು ಸುಮ್ಮನಿದ್ದರು. ಸ್ವಲ್ಪ ಹೊತ್ತಿನ ಮೇಲೆ, ಉಳಿದಿರುವ ಒಂದನ್ನು ಮರಳಿ ನೆಟ್ಟು ಬರುವೆನೆಂದರು. ಆಗ ಆಕೆ ಹೇಳಿದ ಮಾತು ಹೀಗಿತ್ತು: "ಮಾರಯ್ಯನವರ ಅಕ್ಕಿ ಅಂಗಳಕ್ಕ ಹೋತು. ಸತ್ತ ಎರಡು ಎಲ್ಲಿಗೆ ಹೋಗಬೇಕು?"

ಮರುವರ್ಷದ ಮಳೆಗಾಲದಲ್ಲಿ, 2023ರ ಆಗಸ್ಟ್‌ನಲ್ಲಿ, ದಂಪತಿಗಳಿಬ್ಬರೂ ಆ ಗುಡ್ಡಕ್ಕೆ ಹೋದರು. ನಾಲ್ಕು ಬಳ್ಳಿಗಳಾದರೂ ಇರುವುವೆಂಬುದು ಶರಣರ ಲೆಕ್ಕವಾಗಿತ್ತು. ಇಳಿಜಾರಿನಲ್ಲಿ ಅರ್ಧ ದಿನ ಹುಡುಕಿದರೂ ಕಂಡದ್ದು ಒಂದೇ ಬಳ್ಳಿ, ಬಂಡೆಯ ಸಂದಿನಲ್ಲಿ, ಗುದ್ದಲಿಗೆ ಎಟುಕದಂತೆ. ಉಳಿದ ಕಡೆ ಹುಲ್ಲು ಅರ್ಧ ಮುಚ್ಚಿದ ಸಣ್ಣ ಕುಳಿಗಳಿದ್ದವು. ಕೆಲವು ಅವರೇ ಅಗೆದವು. ಕೆಲವು ಅವರು ಅಗೆದವಲ್ಲ. ಗುಡ್ಡದ ಹೆಸರನ್ನು ಕೇಳಿದವರು ಯಾರು, ಬಂದವರು ಯಾರು ಎಂಬುದನ್ನು ತಿಳಿಯುವ ಬಗೆಯಿರಲಿಲ್ಲ. ತಿಳಿದರೂ ದೂರುವ ಬಾಯಿ ಅವರಿಗೆ ಇರಲಿಲ್ಲ. ಆ ಕುಳಿಗಳ ಬಳಿ ಕುಳಿತು ತಾವು ಅತ್ತುದಾಗಿ ಶರಣರು ಸಂಕೋಚವಿಲ್ಲದೆ ಹೇಳುತ್ತಾರೆ.

ಇಲ್ಲಿ ಲಕ್ಕಮ್ಮನವರ ವಚನದ ತಾತ್ಪರ್ಯವನ್ನು ಮತ್ತೊಮ್ಮೆ ಪರಿಶೀಲಿಸಬೇಕು. ಮಾರಯ್ಯನವರು ಕದ್ದವರಲ್ಲ. ಚೆಲ್ಲಿದ ಅಕ್ಕಿಗೆ ಒಡೆಯರಿಲ್ಲ, ಆಯ್ದುಕೊಂಡವನದೇ ಅದು. ಹಾಗಿದ್ದರೂ ಲಕ್ಕಮ್ಮನವರು ಅದನ್ನು ದೋಷವೆಂದು ಕಂಡರು. ಯಾರ ಸೊತ್ತು ಎಂಬ ಪ್ರಶ್ನೆಯನ್ನು ಅವರು ಕೇಳಲೇ ಇಲ್ಲ. ಎಷ್ಟು ಬೇಕಿತ್ತು ಎಂದಷ್ಟೇ ಕೇಳಿದರು. ನಮ್ಮ ಶರಣರೂ ಗುಡ್ಡದ ಬಳ್ಳಿಗೆ ಒಡೆಯರಿಲ್ಲವೆಂದೇ ತಿಳಿದಿದ್ದರು. ಕಾನೂನಿನ ದೃಷ್ಟಿಯಿಂದಲೂ ಅದು ತಪ್ಪು ತಿಳಿವಳಿಕೆ. ಕಾಯ್ದಿಟ್ಟ ಅರಣ್ಯದಿಂದ ಗಿಡ ಕೀಳುವುದಕ್ಕೆ 1963ರ ಕರ್ನಾಟಕ ಅರಣ್ಯ ಕಾಯಿದೆಯ ತಡೆಯಿದೆ, 2002ರ ಜೀವವೈವಿಧ್ಯ ಕಾಯಿದೆಯು ಊರಿನ ಸಸ್ಯಸಂಪತ್ತಿನ ಹೊಣೆಯನ್ನು ಊರಿನ ಸಮಿತಿಗಳಿಗೂ ಕೊಟ್ಟಿದೆ. ಆದರೆ ಕಾಯಿದೆ ಮುಟ್ಟದ ಕಡೆಯಲ್ಲಿಯೂ ಲಕ್ಕಮ್ಮನವರ ಪ್ರಶ್ನೆ ಮುಟ್ಟುತ್ತದೆ. ಒಂದು ಸಾಯಬಹುದೆಂಬ ಭಯಕ್ಕೆ ಎರಡನೆಯದು, ಬದಲಿಗೆ ಮತ್ತೊಂದನ್ನು ಪಡೆಯುವ ಆಸೆಗೆ ಮೂರನೆಯದು. ನೋಡುವ ಸಂತೋಷಕ್ಕೆ ಒಂದೂ ಬೇಕಿರಲಿಲ್ಲ. ಅದು ಗುಡ್ಡದ ಮೇಲೆಯೇ ಇತ್ತು.

ಎರಡನೆಯ ವಿಚಾರ ಇನ್ನೂ ಕಠಿಣವಾದುದು. ಅಕ್ಕಿಯನ್ನು ತಂದಲ್ಲಿಗೆ ಸುರಿದು ಬರಬಹುದು. ಜೀವವನ್ನು ಹಾಗೆ ಸುರಿದು ಬರಲಾಗದು. ಹೇಳಿಬಿಟ್ಟ ಗುಡ್ಡದ ಹೆಸರನ್ನೂ ಮರಳಿ ಪಡೆಯಲಾಗದು. ಪಶ್ಚಾತ್ತಾಪದಿಂದ ಎಲ್ಲವೂ ತೊಳೆದುಹೋಗುತ್ತದೆಂದು ಸುಲಭವಾಗಿ ಹೇಳಿಬಿಡುವುದು ಶರಣರ ಮಾರ್ಗವಲ್ಲ. ಮರಳಿಸಲಾಗದ್ದು ಮರಳಿಸಲಾಗದ್ದೇ. ಅದನ್ನು ಒಪ್ಪಿಕೊಂಡ ಮೇಲೆ ಉಳಿಯುವುದು ಕಾಯಕ ಮಾತ್ರ.

ಆ ದಂಪತಿಗಳು ಮಾಡಿದ್ದು ಇಷ್ಟು. ಕುಂಡದಲ್ಲಿದ್ದ ಬಳ್ಳಿಯನ್ನು ಗುಡ್ಡದಲ್ಲಿ ತಾವೇ ನೆಡಲಿಲ್ಲ. ಮನೆಯ ಕುಂಡದ ರೋಗ ಗುಡ್ಡಕ್ಕೆ ಹೋಗಬಹುದೆಂದು, ತಿಳಿದವರು ನೋಡದೆ ನೆಡಬಾರದೆಂದು ಅವರಿಗೆ ಸಲಹೆ ಬಂದಿತ್ತು. ಈ ಕುಲದ ಬಳ್ಳಿಗಳನ್ನು ಉಳಿಸುವ ಕೆಲಸ ಕೊಲ್ಲಾಪುರದ ಶಿವಾಜಿ ವಿಶ್ವವಿದ್ಯಾಲಯದ ಸಸ್ಯೋದ್ಯಾನದಂತಹ ಕಡೆಗಳಲ್ಲಿ ನಡೆದಿದೆ. ಬೀಜದಿಂದಲೂ ಗಡ್ಡೆಯಿಂದಲೂ ಸಸಿ ಮಾಡಿ ಕಾಪಾಡುವ ಬಗೆಯನ್ನು ಅಲ್ಲಿ ಕಂಡುಕೊಂಡಿದ್ದಾರೆ. ಶರಣರು ತಮ್ಮ ಪರಿಚಯದ ಸಸ್ಯಶಾಸ್ತ್ರ ಅಧ್ಯಾಪಕರೊಬ್ಬರ ಕೈಗೆ ಆ ಬಳ್ಳಿಯನ್ನು ಒಪ್ಪಿಸಿದರು. ಜೊತೆಗೆ ಎಲ್ಲಿಂದ, ಯಾವಾಗ, ಎಷ್ಟು ಅಗೆದೆ, ಎಷ್ಟು ಸತ್ತವು ಎಂಬುದನ್ನೆಲ್ಲ ತಮ್ಮ ಕೈಬರಹದಲ್ಲಿ ಬರೆದು ಸಹಿ ಮಾಡಿಕೊಟ್ಟರು. ಬಂಡೆಯ ಸಂದಿನ ಬಳ್ಳಿ ಹೂಬಿಡುವ ದಿನಗಳಲ್ಲಿಯೇ ಇದರ ಹೂವಿನ ಪರಾಗವನ್ನು ಅಲ್ಲಿಗೆ ಮುಟ್ಟಿಸಲು ಅಧ್ಯಾಪಕರು ಯತ್ನಿಸುತ್ತಿದ್ದಾರೆ. ಮೊದಲ ವರ್ಷ ಅದು ಫಲಿಸಲಿಲ್ಲ.

ಮಾಳಿಗೆಯ ಮೇಲಿನ ಬಳ್ಳಿಗಳನ್ನು ಶರಣರು ಬಿಟ್ಟಿಲ್ಲ. ಬಿಡಬೇಕೆಂದು ಆ ತಾಯಿಯೂ ಹೇಳಲಿಲ್ಲ. ಆದರೆ ಕುಂಡಗಳು ಈಗ 40ಕ್ಕೆ ಇಳಿದಿವೆ. ತುಂಡು ಕೇಳಿ ಬಂದವರಿಗೆ ಬೆಲೆಯಿಲ್ಲದೆ ಕೊಡುತ್ತಾರೆ, ಬದಲಿಗೆ ಏನನ್ನೂ ಪಡೆಯುವುದಿಲ್ಲ. ಕಾಡಿನಿಂದ ತಂದುದನ್ನು ಯಾರು ಕೊಟ್ಟರೂ ಮುಟ್ಟುವುದಿಲ್ಲ. ಚಿತ್ರ ತೋರಿಸಿದರೆ ಊರಿನ ಹೆಸರನ್ನು ಹೇಳುವುದಿಲ್ಲ. ವಹಿಯಲ್ಲಿ ಸತ್ತ ಎರಡು ಗಡ್ಡೆಗಳ ಪುಟಗಳನ್ನು ಹರಿದು ಹಾಕದೆ ಹಾಗೆಯೇ ಇಟ್ಟಿದ್ದಾರೆ. ಅದೇ ವಹಿಯ ಕೊನೆಯಲ್ಲಿ, ಯಾರೂ ಹೇಳದೆ, ಹಿತ್ತಲ ಮಂಗರಬಳ್ಳಿಗೂ ಒಂದು ಪುಟ ತೆರೆದಿದ್ದಾರೆ.

ಇಷ್ಟಲಿಂಗ ಪೂಜೆಗೆ ಆ ತಾಯಿ ಇಂದಿಗೂ ಉದುರಿದ ನಕ್ಷತ್ರಗಳನ್ನೇ ಆಯ್ದುಕೊಳ್ಳುತ್ತಾರೆ. ಒಂದು ದಿನ ಶರಣರು ತಾವಾಗಿಯೇ ಗೊಂಚಲೊಂದನ್ನು ತೋರಿಸಿ, "ಬೇಕಾದರ ಕೊಯ್ಕೋ" ಎಂದರಂತೆ. "ಬಿದ್ದದ್ದ ಸಾಕಷ್ಟೈತಿ ಬಿಡ್ರಿ" ಎಂದು ಆಕೆ ನಾಲ್ಕು ಹೂ ಆಯ್ದುಕೊಂಡು ಒಳಗೆ ಹೋದರು.

ಸಾಕು ಎಂಬ ಮಾತನ್ನು ಆಡುವುದಕ್ಕೆ ಎದುರಿಗೆ ಹೆಚ್ಚು ಇರಬೇಕು. ಇಲ್ಲದವನು ಆಡಿದ ಸಾಕು ಎಂಬ ಮಾತು ಅನಿವಾರ್ಯವಾಗಬಹುದು. ಅಂಗಳದ ತುಂಬ ಅಕ್ಕಿ ಚೆಲ್ಲಿರುವಾಗ ಆಡಿದ ಸಾಕು ಎಂಬ ಮಾತೇ ಶರಣರ ಮಾತು. ಲಕ್ಕಮ್ಮ ತಾಯಿಯ ಆ ಎಚ್ಚರ ನಮ್ಮೆಲ್ಲರ ಕೈಗಳಿಗೆ, ಅಗೆಯುವ ಮೊದಲೇ, ಬರಲೆಂದು ಪ್ರಾರ್ಥಿಸೋಣ.